ತುಂಡಾದ ಬೆರಳಿನ ರಕ್ತನಾಳ ಕೆಡದಂತೆ ಆಸ್ಪತ್ರೆ ಮುಟ್ಟಿಸುವುದು ಹೇಗೆ?

ಮೇವು ಕತ್ತರಿಸುವ ಯಂತ್ರಕ್ಕೋ ಮರದ ಮಿಲ್ಲಿನ ಗರಗಸಕ್ಕೋ ಸಿಕ್ಕಿ ಬೆರಳು ತುಂಡಾದರೆ ಎಲ್ಲರೂ ಮೊದಲು ಹುಡುಕುವುದು ಐಸ್. ಐಸ್ ಬೇಕು ನಿಜ, ಆದರೆ ಬೆರಳಿಗೆ ತಾಗಬಾರದು. ಶಸ್ತ್ರವೈದ್ಯರು ಸೂಕ್ಷ್ಮದರ್ಶಕದಡಿ ಹೊಲಿಯುವ ರಕ್ತನಾಳ ಸುಮಾರು 1 ಮಿಲಿಮೀಟರ್ ದಪ್ಪ. ರವಿಕೆಯ ಲೈನಿಂಗಿನಂತೆ ಅದರ ಒಳಮೈಗೆ ಜೀವಕೋಶಗಳ ಒಂದೇ ಪದರ. ಐಸ್ ತಾಗಿ ಆ ಪದರ ಹಾಳಾದರೆ ಎಷ್ಟು ಚೆನ್ನಾಗಿ ಹೊಲಿದರೂ ಒಳಗೆ ರಕ್ತ ಹೆಪ್ಪುಗಟ್ಟುತ್ತದೆ.

ಮೊದಲು ಗಾಯಾಳುವನ್ನು ನೋಡಿ. ಶುಭ್ರ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು ಕೈ ಮೇಲೆತ್ತಿ. ನಡುನಡುವೆ ಬಟ್ಟೆ ಎತ್ತಿ ಇಣುಕದೆ 10 ನಿಮಿಷ ಒತ್ತಿ. ಪೂರ್ತಿ ತುಂಡಾದ ಬೆರಳಿನ ನಾಳ ತಾನೇ ಕುಗ್ಗಿಕೊಳ್ಳುವುದರಿಂದ ಸಾಮಾನ್ಯವಾಗಿ ಇಷ್ಟೇ ಸಾಕು. ಕಾಫಿಪುಡಿ, ಅರಿಶಿನ ಮೆತ್ತಬೇಡಿ. ಕುಡಿಯಲು, ತಿನ್ನಲು ಏನೂ ಕೊಡಬೇಡಿ, ಅರಿವಳಿಕೆ ಕೊಡಬೇಕಾಗುತ್ತದೆ. 108ಕ್ಕೆ ಕರೆ ಮಾಡುವಾಗಲೇ ಬೆರಳು ಜೋಡಿಸುವ ಸೌಲಭ್ಯ ಎಲ್ಲಿದೆ ಎಂದು ಕೇಳಿ. ಸೌಲಭ್ಯವಿಲ್ಲದ ಕಡೆ ಹೋಗಿ ಕಳೆಯುವ ಎರಡು ಗಂಟೆ ದುಬಾರಿ.

ಇನ್ನು ಬೆರಳು. ಮಣ್ಣಿದ್ದರೆ ನಾರ್ಮಲ್ ಸಲೈನ್‌ನಲ್ಲಿ, ಅಂದರೆ ಆಸ್ಪತ್ರೆಯಲ್ಲಿ ಬಳಸುವ ಶುದ್ಧ ಉಪ್ಪುನೀರಿನಲ್ಲಿ, ಮೆಲ್ಲಗೆ ತೊಳೆಯಿರಿ, ಉಜ್ಜಬೇಡಿ. ಮೆಡಿಕಲ್ ಶಾಪಿನಲ್ಲಿ ‘ಗ್ಲೂಕೋಸ್ ಬಾಟಲಿ’ ಎಂದು ಕೇಳಿದರೆ ಬೇರೆಯದೇ ಸಿಕ್ಕೀತು, 0.9% ಸಲೈನ್ ಎಂದೇ ಹೇಳಿ. ಅದರಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯಲ್ಲಿ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಬೆರಳನ್ನು ಸುತ್ತಿ. ಬಟ್ಟೆ ತೇವವಾಗಿರಲಿ, ನೀರು ತೊಟ್ಟಿಕ್ಕುವುದು ಬೇಡ: ನೀರಲ್ಲಿ ಮುಳುಗಿದ ಅಂಗಾಂಶ ಊದಿಕೊಳ್ಳುತ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಿ ನೀರು ನುಗ್ಗದಂತೆ ಬಾಯಿ ಕಟ್ಟಿ. ಅರ್ಧ ಐಸ್, ಅರ್ಧ ನೀರು ತುಂಬಿದ ಡಬ್ಬಿಯಲ್ಲಿ ಆ ಕವರ್ ಇಡಿ. ನೀರಿದ್ದರೆ ಬೆರಳು ಹೆಪ್ಪುಗಟ್ಟುವಷ್ಟು ತಣ್ಣಗಾಗದು. ಫ್ರೀಜರ್ ಖಂಡಿತ ಬೇಡ. ಚರ್ಮದ ಎಳೆಯಲ್ಲಿ ಬೆರಳು ನೇತಾಡುತ್ತಿದ್ದರೆ ಕತ್ತರಿಸಬೇಡಿ, ಆ ಎಳೆಯಲ್ಲೊಂದು ನಾಳ ಉಳಿದಿರಬಹುದು.

ಹೀಗೆ ತಂಪಾಗಿಟ್ಟ ಬೆರಳಿಗೆ ಸುಮಾರು 24 ಗಂಟೆ ಅವಕಾಶವಿದೆ, ಹಾಗೇ ಬಿಟ್ಟರೆ 12. ಬೆರಳಲ್ಲಿ ಸ್ನಾಯು ಇಲ್ಲದ್ದರಿಂದ ಇಷ್ಟು ಸಮಯ; ಮುಂಗೈ ತುಂಡಾದರೆ ತಂಪಿಲ್ಲದೆ 6 ಗಂಟೆಯಷ್ಟೇ.

ನಾಳ ಜೋಡಿಸಿದ ಕೂಡಲೇ ಅಪಾಯ ಮುಗಿಯದು. ಹಸಿದಿದ್ದ ಜೀವಕೋಶಗಳಿಗೆ ಆಮ್ಲಜನಕ ಒಮ್ಮೆಲೇ ನುಗ್ಗಿದಾಗ ಹಾನಿಕಾರಕ ಕಣಗಳು ಹುಟ್ಟುತ್ತವೆ, ಒಳಪದರ ಊದುತ್ತದೆ, ಬಿಳಿರಕ್ತಕಣಗಳು ಅಂಟಿಕೊಂಡು ಸಣ್ಣ ನಾಳಗಳನ್ನು ಮುಚ್ಚುತ್ತವೆ. ರಕ್ತವಿಲ್ಲದ ಹೊತ್ತು ಹೆಚ್ಚಿದಷ್ಟೂ ಈ ಎರಡನೇ ಪೆಟ್ಟು ಜೋರು. ಹಾಗಾಗಿ ಮೊದಲ ಮೂರು ದಿನ ಕೋಣೆ ಬೆಚ್ಚಗಿರಲಿ. ಬೀಡಿ, ಸಿಗರೇಟು ಪಕ್ಕದವರೂ ಸೇದಬಾರದು, ನಿಕೋಟಿನ್ ನಾಳವನ್ನು ಬಿಗಿಯಿಸುತ್ತದೆ. ಬೆರಳಿನ ತುದಿಯನ್ನು ಮೆಲ್ಲಗೆ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಬಿಳಿಚಿ ತಣ್ಣಗಾದರೆ ರಕ್ತ ಒಳಬರುತ್ತಿಲ್ಲ, ನೀಲಿಗಟ್ಟಿ ಉಬ್ಬಿದರೆ ಹೊರಹೋಗುತ್ತಿಲ್ಲ. ಎರಡರಲ್ಲಿ ಯಾವುದು ಕಂಡರೂ ಆಗಲೇ ನರ್ಸನ್ನು ಕರೆಯಿರಿ, ಡಾಕ್ಟರ್ ರೌಂಡ್ಸಿಗೆ ಬರಲಿ ಎಂದು ಕಾಯಬೇಡಿ.