ಏಟು ತಿಂದ ಹಳೆಯ ವಿಮಾನ: ಕೊಳ್ಳುವ ಮುನ್ನ ಏನನ್ನು ನೋಡಬೇಕು, ಹೇಗೆ ನೋಡಬೇಕು

ಪೈಪರ್ ಜೆ-3 ಕಬ್, ಏರೋಂಕಾ ಚಾಂಪ್, ಲಸ್ಕೋಂಬ್ 8, ಸೆಸ್ನಾ 120 ಮತ್ತು 140 ಎಲ್ಲವೂ ಬಾಲದಡಿ ಚಕ್ರವಿರುವ ವಿಮಾನಗಳು. ಇಂಥವು ಇಳಿಯುವಾಗ ಸ್ವಲ್ಪ ಓರೆಯಾದರೂ ಸಾಕು, ಬಾಲ ಮುಂದಕ್ಕೆ ಬರುವಂತೆ ನೆಲದ ಮೇಲೆ ಗಿರಕಿ ಹೊಡೆಯುತ್ತವೆ. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಅದರಲ್ಲಿ ಗೇರ್ ಕಾಲು (ಚಕ್ರವನ್ನು ಹಿಡಿದ ಕಾಲು) ಬಾಗುತ್ತದೆ, ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತದೆ. ಹೊಸಬರಿಗೆ ಹಾರಾಟ ಕಲಿಸುತ್ತಾ ಎಪ್ಪತ್ತೆಂಬತ್ತು ವರ್ಷ ಕಳೆದ ವಿಮಾನ ಒಮ್ಮೆಯೂ ಏಟು ತಿಂದಿಲ್ಲ ಎಂದರೆ ನಂಬುವುದು ಕಷ್ಟ. ಹಾಗಾಗಿ ಏಟು ಬಿದ್ದಿದೆಯೇ ಎನ್ನುವುದಕ್ಕಿಂತ ಅದನ್ನು ಯಾರು, ಯಾವ ಕ್ರಮದಲ್ಲಿ ಸರಿಪಡಿಸಿದರು, ದಾಖಲೆ ಎಲ್ಲಿದೆ ಎಂಬುದೇ ಮುಖ್ಯ. ದಾಖಲೆ ಸಮೇತ ರೆಕ್ಕೆ ಬದಲಿಸಿದ ವಿಮಾನ ಒಳ್ಳೆಯದು. ಅರ್ಧ ಲಾಗ್‌ಬುಕ್ ಕಳೆದುಕೊಂಡು 'ಅಪಘಾತದ ಇತಿಹಾಸವಿಲ್ಲ' ಎಂದು ಜಾಹೀರಾತು ಕೊಟ್ಟ ವಿಮಾನದ ಬಗ್ಗೆ ಅನುಮಾನವಿರಲಿ.

ಈ ವಿಮಾನಗಳು ಅಮೆರಿಕದವು. ಆದ್ದರಿಂದ ಇಲ್ಲಿ ಹೇಳುವ ಕಾಗದಪತ್ರಗಳ ನಿಯಮಗಳೂ ಅಲ್ಲಿಯವೇ.

ಮೊದಲು ಕಾಗದ

ವಿಮಾನ ನೋಡಲು ಹೊರಡುವ ಮುಂಚೆಯೇ ಅದರ ನೋಂದಣಿ ಸಂಖ್ಯೆ ಕೊಟ್ಟು ಓಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ನೋಂದಣಿ ಕಚೇರಿಯಿಂದ ಪೂರ್ಣ ಕಡತ ತರಿಸಿಕೊಳ್ಳಿ. ಅದರಲ್ಲಿ ಹಿಂದಿನ ಮಾಲೀಕರ ಸರಣಿಯ ಜೊತೆಗೆ ಫಾರ್ಮ್ 337 ಎಂಬ ಹಾಳೆಗಳಿರುತ್ತವೆ. ದೊಡ್ಡ ರಿಪೇರಿ ಅಥವಾ ದೊಡ್ಡ ಮಾರ್ಪಾಡು ಮಾಡಿದವರು ಈ ಫಾರ್ಮ್ ತುಂಬಿ ಒಂದು ಪ್ರತಿಯನ್ನು ಮಾಲೀಕರಿಗೆ ಕೊಟ್ಟು ಇನ್ನೊಂದನ್ನು ಎಫ್‌ಎಎಗೆ ಕಳಿಸಬೇಕು. ಸ್ಪಾರ್ (ರೆಕ್ಕೆಯ ಉದ್ದಕ್ಕೂ ಸಾಗುವ ಮುಖ್ಯ ತೊಲೆ) ಜೋಡಣೆ, ಒಡಲಿನ ಕೊಳವೆಗಳ ಬೆಸುಗೆ, ರೆಕ್ಕೆಯ ಮರುನಿರ್ಮಾಣ ಎಲ್ಲ ಇಲ್ಲಿ ಸಿಗಬೇಕು. ಪ್ರತಿ ಹಾಳೆಯಲ್ಲೂ ಕೆಲಸ ಯಾವ ಆಧಾರದ ಮೇಲೆ ನಡೆಯಿತು ಎಂದು ನೋಡಿ. ತಯಾರಕರ ಕೈಪಿಡಿಯ ನಕ್ಷೆಯನ್ನೋ, ಎಸಿ 43.13-1ಬಿ ಎಂಬ ಎಫ್‌ಎಎ ಸಲಹಾ ಕೈಪಿಡಿಯ ಅಧ್ಯಾಯ, ಪ್ಯಾರಾವನ್ನೋ ಉಲ್ಲೇಖಿಸಿದ್ದರೆ ಒಳ್ಳೆಯ ಲಕ್ಷಣ. 'ಅಗತ್ಯವಿದ್ದಂತೆ ರಿಪೇರಿ ಮಾಡಲಾಗಿದೆ' ಎಂಬ ಒಂದೇ ಸಾಲಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ನಂತರ ಎನ್‌ಟಿಎಸ್‌ಬಿಯ (ಅಮೆರಿಕದಲ್ಲಿ ಅಪಘಾತಗಳ ತನಿಖೆ ಮಾಡುವ ಸಂಸ್ಥೆ) ಅಪಘಾತ ದತ್ತಾಂಶದಲ್ಲಿ ಹುಡುಕಿ. ಅದು 1962ರಿಂದ ಈಚೆಗಿನದು. ಅಲ್ಲಿ ಏನೂ ಸಿಗಲಿಲ್ಲವೆಂದು ನಿಶ್ಚಿಂತರಾಗಬೇಡಿ. ಗೇರ್, ಚಕ್ರ, ರೆಕ್ಕೆಯ ತುದಿ, ನೆಲಕ್ಕೆ ತಗುಲಿದ ಪ್ರೊಪೆಲ್ಲರ್ ಇವುಗಳಿಗಷ್ಟೇ ಸೀಮಿತವಾದ ಹಾನಿಯನ್ನು ಅಲ್ಲಿನ ನಿಯಮ 'ಗಣನೀಯ ಹಾನಿ' ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಅನೇಕ ಗ್ರೌಂಡ್ ಲೂಪ್‌ಗಳು ಸಹಜವಾಗಿಯೇ ದಾಖಲೆಯಿಂದ ಜಾರಿಹೋಗುತ್ತವೆ.

ಅವುಗಳ ಸುಳಿವು ಸಿಗುವುದು ಲಾಗ್‌ಬುಕ್ಕಿನಲ್ಲಿ. ಒಂದೇ ತಿಂಗಳಲ್ಲಿ ಹೊಸ ಪ್ರೊಪೆಲ್ಲರ್, ಎಡ ಗೇರ್ ಕಾಲು, ಎಡ ರೆಕ್ಕೆಯ ತುದಿಗೆ ಹೊಸ ಬಟ್ಟೆ ಎಂದು ಮೂರು ಬೇರೆ ಬೇರೆ ನಮೂದುಗಳಿದ್ದರೆ ಮೂರನ್ನೂ ಕೂಡಿಸಿ ಓದಿ. ಪ್ರೊಪೆಲ್ಲರಿನ ಕ್ರಮಸಂಖ್ಯೆ ಕಾರಣ ಹೇಳದೆ ಬದಲಾಗಿದೆಯೇ? ವರ್ಷಗಟ್ಟಲೆ ಖಾಲಿ ಬಿಟ್ಟ ಪುಟಗಳಿವೆಯೇ? ಸಾಮಾನ್ಯ ನಿರ್ವಹಣೆಯ ದಾಖಲೆಯನ್ನು ಒಂದು ವರ್ಷ ಇಟ್ಟುಕೊಂಡರೆ ಕಾನೂನಿಗೆ ಸಾಕು, ಆದ್ದರಿಂದ ಹಳೆಯ ಪುಸ್ತಕ ಕಳೆದಿದ್ದೇ ತಪ್ಪಲ್ಲ. ಆದರೆ ಏರ್‌ವರ್ದಿನೆಸ್ ನಿರ್ದೇಶನಗಳನ್ನು (ಸುರಕ್ಷತೆಗಾಗಿ ಎಫ್‌ಎಎ ಹೊರಡಿಸುವ ಕಡ್ಡಾಯ ಆದೇಶಗಳು) ಪಾಲಿಸಿದ ಪಟ್ಟಿ ಮತ್ತು ವಿಮಾನದ ಒಟ್ಟು ಹಾರಾಟದ ಗಂಟೆಗಳು ಕೊಳ್ಳುವವರ ಕೈಗೆ ಬರಲೇಬೇಕು. ಒಡಲಿಗೆ ಹೊಡೆದ ಡೇಟಾ ಪ್ಲೇಟಿನ ಕ್ರಮಸಂಖ್ಯೆ ನೋಂದಣಿ ಪತ್ರಕ್ಕೆ ಹೊಂದುತ್ತದೆಯೇ ಎಂದೂ ನೋಡಿ. ಹಳೆಯ ವಿಮಾನದಿಂದ ಈ ತಗಡೊಂದನ್ನೇ ಉಳಿಸಿಕೊಂಡು ಉಳಿದದ್ದನ್ನೆಲ್ಲ ಹೊಸದಾಗಿ ಕಟ್ಟಿರುವ ಸಂದರ್ಭಗಳಿವೆ.

ಯಾರ ಕಣ್ಣು, ಯಾವ ಒಪ್ಪಂದ

ಖರೀದಿಪೂರ್ವ ತಪಾಸಣೆಗೆ ಎಫ್‌ಎಎ ನಿಯಮಗಳಲ್ಲಿ ವ್ಯಾಖ್ಯೆಯೇ ಇಲ್ಲ. ಏನೇನು ಬಿಚ್ಚಬೇಕು, ಏನೇನು ಅಳೆಯಬೇಕು ಎಂದು ನೀವೇ ಬರೆದುಕೊಡಬೇಕು. ಈ ವಿಮಾನವನ್ನು ಹಿಂದೆ ನೋಡಿಕೊಂಡಿರದ, ಆದರೆ ಅದೇ ಮಾದರಿಯನ್ನು ಚೆನ್ನಾಗಿ ಬಲ್ಲ ಮೆಕ್ಯಾನಿಕ್ ಬೇಕು. ಬಟ್ಟೆ, ಮರ, ಕೊಳವೆಗಳ ವಿಮಾನವನ್ನು ಬರೀ ಅಲ್ಯೂಮಿನಿಯಂ ಗೊತ್ತಿರುವವರಿಂದ ತಪಾಸಣೆ ಮಾಡಿಸಬೇಡಿ. ತಪಾಸಣೆಯನ್ನೇ ವಾರ್ಷಿಕ ತಪಾಸಣೆಯಾಗಿ ಬರೆದುಕೊಳ್ಳುವ ಯೋಚನೆಯಿದ್ದರೆ ಮಾರುವವರ ಒಪ್ಪಿಗೆ ಮೊದಲೇ ಲಿಖಿತವಾಗಿ ಇರಲಿ. ದೋಷ ಸಿಕ್ಕಿ ವಿಮಾನ ಹಾರಾಟಕ್ಕೆ ಯೋಗ್ಯವಲ್ಲವೆಂದು ಸಹಿ ಬಿದ್ದರೆ ಅದು ನಿಂತಲ್ಲೇ ನಿಲ್ಲುತ್ತದೆ. ಆಗ ಖರ್ಚು ಯಾರದು ಎಂಬ ಜಗಳ ಬೇಡ.

ಅಳತೆ ಟೇಪು

ಬಾಗಿದ್ದನ್ನು ಬಣ್ಣ ಮುಚ್ಚುತ್ತದೆ, ಅಳತೆ ಬಯಲು ಮಾಡುತ್ತದೆ. ವಿಮಾನವನ್ನು ಸಮತಟ್ಟು ನೆಲದಲ್ಲಿ ಅಡ್ಡಡ್ಡಲಾಗಿ ಮಟ್ಟ ಮಾಡಿ ನಿಲ್ಲಿಸಿ. ಎಡ ಮತ್ತು ಬಲ ಏಲರಾನ್‌ಗಳ (ರೆಕ್ಕೆಯ ಹಿಂಬದಿಯಲ್ಲಿ ಕೀಲಿನ ಮೇಲೆ ಆಡುವ ಫಲಕಗಳು) ಹೊರ ಕೀಲಿನ ಬೋಲ್ಟ್‌ನಿಂದ ಬಾಲದ ಕಂಬದವರೆಗೆ ಟೇಪು ಎಳೆಯಿರಿ. ಹಾಗೆಯೇ ಬಾಲದ ಅಡ್ಡರೆಕ್ಕೆಯ ತುದಿಗಳಿಂದ ಲಂಬರೆಕ್ಕೆಯ ತುದಿಗೆ, ಎರಡೂ ಚಕ್ರದ ಅಚ್ಚುಗಳಿಂದ ಬಾಲದ ಕಂಬಕ್ಕೆ ಅಳೆಯಿರಿ. ಎಡ, ಬಲ ಹೊಂದಬೇಕು. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಾರಣ ತಿಳಿಯದೆ ಮುಂದೆ ಹೋಗುವುದು ಬೇಡ.

ಇನ್ನೊಂದು ಕಡೆ ಹೆಚ್ಚಿನವರು ಕಣ್ಣು ಹಾಯಿಸುವುದಿಲ್ಲ. ಕಬ್‌ನ ರೆಕ್ಕೆಗೆ ಆಸರೆಯಾದ ಸ್ಟ್ರಟ್‌ನ ಕೆಳತುದಿಯಲ್ಲಿ ತಿರುಪಿನಂತೆ ಒಳಹೊರಗೆ ಸರಿಯುವ ಫೋರ್ಕ್ ಇದೆ. ಅದನ್ನು ತಿರುಗಿಸಿ ರೆಕ್ಕೆಯ ತಿರುಚನ್ನು ಹೊಂದಿಸುತ್ತಾರೆ. ಒಂದು ಬದಿಯ ಫೋರ್ಕ್ ಹೊರಕ್ಕೆ ಬಹಳ ಬಂದಿದ್ದು ಇನ್ನೊಂದು ಬದಿಯದು ಒಳಗೇ ಇದ್ದರೆ, ಸೊಟ್ಟಗಾದ ರೆಕ್ಕೆಯನ್ನೋ ಒಡಲನ್ನೋ ಈ ತಿರುಪಿನಿಂದ ಸರಿದೂಗಿಸಿದ್ದಾರೆ ಎಂದೇ ಅನುಮಾನಿಸಬೇಕು.

ಕೊಳವೆ, ಬಟ್ಟೆ, ಮರ

ಉಕ್ಕಿನ ಕೊಳವೆಯ ಒಡಲಿನಲ್ಲಿ ನೀರು ಇಳಿದು ನಿಲ್ಲುವುದು ಬಾಲದ ಬಳಿಯ ಕೆಳ ಉದ್ದಕೊಳವೆಗಳಲ್ಲಿ. ತುಕ್ಕು ಒಳಗಿನಿಂದ ತಿನ್ನುತ್ತದೆ, ಹೊರಗೆ ಬಣ್ಣ ನಗುತ್ತಿರುತ್ತದೆ. ಅನುಭವಿ ಮೆಕ್ಯಾನಿಕ್ ಇಲ್ಲಿ ಸ್ಪ್ರಿಂಗ್ ಇರುವ ಸೆಂಟರ್ ಪಂಚ್ ಒತ್ತಿ ನೋಡುತ್ತಾರೆ. ಗಟ್ಟಿ ಕೊಳವೆಯಲ್ಲಿ ಚುಕ್ಕೆ ಮಾತ್ರ ಮೂಡುತ್ತದೆ, ತುಕ್ಕು ತಿಂದು ತೆಳುವಾಗಿದ್ದರೆ ತಗ್ಗು ಬೀಳುತ್ತದೆ, ಕೆಲವೊಮ್ಮೆ ತೂತೇ ಆಗುತ್ತದೆ. ಮಾರುವವರ ಅನುಮತಿ ಪಡೆದೇ ಇದನ್ನು ಮಾಡಬೇಕು. ಪೈಪರ್‌ನ ಸ್ಟ್ರಟ್‌ಗಳಿಗೆ ಇದೇ ಒಳತುಕ್ಕಿನ ಕಾರಣಕ್ಕೆ ಏರ್‌ವರ್ದಿನೆಸ್ ನಿರ್ದೇಶನವಿದೆ. ಮುಚ್ಚಿ ಬೆಸೆದ ಹೊಸ ಬಗೆಯ ಸ್ಟ್ರಟ್ ಹಾಕಿದ್ದರೆ ತುಕ್ಕಿಗಾಗಿ ಪದೇ ಪದೇ ತಪಾಸಿಸುವುದು ತಪ್ಪುತ್ತದೆ. ಬೆಸುಗೆಯ ರಿಪೇರಿಗಳಲ್ಲಿ ಹಳೆಯ ಕೊಳವೆಯ ಮೇಲೆ ತೊಡಿಸಿದ ಸ್ಲೀವ್‌ನ (ಹೊರ ಕೊಳವೆ) ತುದಿಯನ್ನು ಮೀನಿನ ಬಾಯಿಯಂತೆ ಓರೆಯಾಗಿ ಕತ್ತರಿಸಲಾಗಿದೆಯೇ ಎಂದು ನೋಡಿ. ಅಡ್ಡಕ್ಕೆ ಕತ್ತರಿಸಿ ಸುತ್ತಲೂ ಬೆಸೆದಿದ್ದರೆ ಬೆಸುಗೆಯ ಕಾವಿನಿಂದ ದುರ್ಬಲವಾದ ಭಾಗವೆಲ್ಲ ಒಂದೇ ಗೆರೆಯಲ್ಲಿ ಬಿದ್ದು ಕೊಳವೆ ಅಲ್ಲೇ ಮುರಿಯುತ್ತದೆ.

ಹಳೆಯ ಗ್ರೇಡ್ ಎ ಹತ್ತಿಬಟ್ಟೆಯ ಬಲ ಹೊಸದರಲ್ಲಿ ಇಂಚಿಗೆ 80 ಪೌಂಡ್, ಕನಿಷ್ಠ ಮಿತಿ 56. ಸಣ್ಣ, ನಿಧಾನದ ವಿಮಾನಗಳಿಗೆ ಅನುಮತಿಯಿರುವ ಮಧ್ಯಮ ದರ್ಜೆಯ ಬಟ್ಟೆಗೆ ಮಿತಿ 46. ಪಾಲಿಯೆಸ್ಟರ್ ಹೊದಿಕೆ ಹೆಚ್ಚು ಬಾಳುತ್ತದೆ, ಆದರೆ ಮಟ್ಟಸವಾದ ಹೊಸ ಹೊದಿಕೆಯೇ ಹಳೆಯ ಸ್ಪಾರನ್ನು ಮುಚ್ಚಿಟ್ಟಿರಬಹುದು. ಬಟ್ಟೆ ಹಾಕುವ ಮುಂಚೆ ತೆಗೆದ ಫೋಟೋಗಳನ್ನು ಕೇಳಿ. ಕಾಳಜಿಯಿಂದ ಕೆಲಸ ಮಾಡಿದವರ ಬಳಿ ಅವು ಇದ್ದೇ ಇರುತ್ತವೆ.

ಏರೋಂಕಾ ಚಾಂಪ್‌ನಂಥವುಗಳ ಮರದ ಸ್ಪಾರಿಗೆ ಹೆಚ್ಚಿನ ಸಮಯ ಕೊಡಿ, ಏಕೆಂದರೆ ಇಲ್ಲಿ ಗಾಯ ಏಟು ಬಿದ್ದ ಜಾಗದಲ್ಲಿ ಇರುವುದಿಲ್ಲ. ರೆಕ್ಕೆಯ ತುದಿ ನೆಲಕ್ಕೆ ಬಡಿದಾಗ ಬಲ ಒಳಕ್ಕೆ ಸಾಗಿ, ಸ್ಪಾರಿಗೆ ಅಂಟಿಸಿದ ಪ್ಲೈವುಡ್ ಬಲಪಟ್ಟಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಒತ್ತಡದಿಂದ ಮರದ ನಾರು ನಲುಗುತ್ತದೆ. ಅದು ಬಿರುಕಿನಂತೆ ಬಾಯಿ ತೆರೆಯುವುದಿಲ್ಲ. ನಾರಿಗೆ ಅಡ್ಡವಾಗಿ ಕೂದಲೆಳೆಯಂಥ ಗೆರೆಯಷ್ಟೇ ಕಾಣುತ್ತದೆ. ತಪಾಸಣೆಯ ರಂಧ್ರದಿಂದ ಬೋರ್‌ಸ್ಕೋಪ್ (ಒಳಗೆ ಇಣುಕುವ ತೆಳು ನಳಿಕೆ) ತೂರಿಸಿ, ಬೆಳಕನ್ನು ಮರಕ್ಕೆ ಸಮಾನಾಂತರವಾಗಿ ಓರೆ ಹಿಡಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ನೇರ ಬೆಳಕಿನಲ್ಲಿ ಮಾಯ. ಪಕ್ಕೆಲುಬುಗಳನ್ನು ಸ್ಪಾರಿಗೆ ಹಿಡಿದ ಮೊಳೆಗಳು ಮೇಲೆದ್ದಿದ್ದರೆ ಅದೂ ಒಂದು ಸೂಚನೆ. ಈ ಕುಟುಂಬದ ವಿಮಾನಗಳ ಮರದ ಸ್ಪಾರಿಗೂ ಏರ್‌ವರ್ದಿನೆಸ್ ನಿರ್ದೇಶನವಿದೆ, ಪಾಲನೆಯ ನಮೂದು ಕೇಳಿ. ಸ್ಪಾರನ್ನು ಜೋಡಿಸಿ ರಿಪೇರಿ ಮಾಡುವುದು ನಿಯಮಬದ್ಧವೇ. ಆದರೆ ಒಂದು ಸ್ಪಾರಿನಲ್ಲಿ ಎರಡಕ್ಕಿಂತ ಹೆಚ್ಚು ಜೋಡಣೆ ಇರಬಾರದು. ರೆಕ್ಕೆ ಒಡಲಿಗೆ ಸೇರುವ ಅಥವಾ ಸ್ಟ್ರಟ್ ಹಿಡಿಯುವ ಲೋಹದ ಫಿಟಿಂಗ್‌ಗಳ ಅಡಿಯಲ್ಲಂತೂ ಇರಲೇಬಾರದು.

ಅಲ್ಯೂಮಿನಿಯಂ ಒಡಲು

ಸೆಸ್ನಾ 140 ಮತ್ತು ಲಸ್ಕೋಂಬ್‌ಗಳಲ್ಲಿ ಗ್ರೌಂಡ್ ಲೂಪ್‌ನ ಹೊಡೆತ ಗೇರ್ ಕಾಲು ಒಡಲಿಗೆ ಸೇರುವ ಪೆಟ್ಟಿಗೆಗೆ ಬೀಳುತ್ತದೆ. ಸೀಟು, ನೆಲಹಾಸು, ಮುಚ್ಚಳ ತೆಗೆಸಿ ಒಳಗೆ ಕನ್ನಡಿ ಇಟ್ಟು ನೋಡಿ. ಬಾಗಿದ ಬಲ್ಕ್‌ಹೆಡ್ (ಒಡಲಿನ ಅಡ್ಡ ಚೌಕಟ್ಟು), ಬೋಲ್ಟ್ ತೂತಿನ ಸುತ್ತ ಬಿರುಕು, ಒಂದು ಕಡೆ ಮಾತ್ರ ಹೊಸ ಹಸಿರು ಅಥವಾ ಹಳದಿ ಪ್ರೈಮರ್ ಕಂಡರೆ ಅಲ್ಲಿ ಕೆಲಸ ನಡೆದಿದೆ. ಅದಕ್ಕೆ ತಕ್ಕ ನಮೂದು ಕಾಗದದಲ್ಲಿ ಇರಬೇಕು.

ಬಾಗಿಲಿನ ಹಿಂದೆ, ಫೈರ್‌ವಾಲ್‌ನ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಹಿಂದೆ, ಬಾಲದ ಶಂಕುವಿನ ಮೇಲೆ ಹೊರತಗಡಿನಲ್ಲಿ ಸುಕ್ಕಿದೆಯೇ ಎಂದು ತಗ್ಗಿ ಓರೆಗಣ್ಣಿನಿಂದ ನೋಡಿ. ರಿವೆಟ್‌ಗಳ ಸುತ್ತ ಕಪ್ಪು ಬೂದು ಗೆರೆ ಹಿಂದಕ್ಕೆ ಹರಿದಿದ್ದರೆ ರಿವೆಟ್ ಸಡಿಲವಾಗಿ ಅಲ್ಲಾಡುತ್ತಿದೆ. ಆ ಮಸಿ ಲೋಹದ ಉಜ್ಜಾಟದ ಪುಡಿ. ರಚನೆಗೆ ಸಾಮಾನ್ಯವಾಗಿ ಬಳಸುವ ರಿವೆಟ್‌ನ ತಲೆಯ ನಡುವೆ ಪುಟ್ಟ ಕುಳಿ ಇರುತ್ತದೆ. ಕುಳಿಯಿಲ್ಲದ ಮೃದು ರಿವೆಟ್ ಅಥವಾ ಹಾರ್ಡ್‌ವೇರ್ ಅಂಗಡಿಯ ಪಾಪ್ ರಿವೆಟ್ ಭಾರ ಹೊರುವ ಜಾಗದಲ್ಲಿ ಕಂಡರೆ ಆ ರಿಪೇರಿಯನ್ನೇ ಕಿತ್ತು ಹೊಸದಾಗಿ ಮಾಡಿಸಬೇಕು. ತೇಪೆಯ ಅಂಚಿಗೂ ರಿವೆಟ್‌ನ ನಡುಬಿಂದುವಿಗೂ ರಿವೆಟ್ ವ್ಯಾಸದ ಎರಡರಷ್ಟಾದರೂ ಅಂತರ ಬೇಕು, ಇಲ್ಲದಿದ್ದರೆ ತಗಡು ಅಂಚಿನಿಂದ ಹರಿಯುತ್ತದೆ. ರೆಕ್ಕೆಯೊಳಗೆ ಇಲಿ ಗೂಡು ಕಟ್ಟಿದ್ದರೆ ಅದರ ಮೂತ್ರ ಅಲ್ಯೂಮಿನಿಯಮನ್ನು ತಿಂದಿರುತ್ತದೆ. ಗೂಡು ತೆಗೆದು ಅದರ ಕೆಳಗಿನ ಲೋಹವನ್ನು ನೋಡಿ.

ಪ್ರೊಪೆಲ್ಲರ್ ತಾಗಿದ್ದರೆ

ಪ್ರೊಪೆಲ್ಲರ್ ನೆಲಕ್ಕೆ ತಾಗಿದ ಸಂಗತಿ ಕಾಗದದಲ್ಲಿ ಎಲ್ಲಾದರೂ ಇದ್ದರೆ, ಎಂಜಿನ್ ಬಿಚ್ಚಿ ಕ್ರ್ಯಾಂಕ್‌ಶಾಫ್ಟನ್ನು (ಪ್ರೊಪೆಲ್ಲರನ್ನು ತಿರುಗಿಸುವ ದಂಡ) ಕಾಂತೀಯ ಪರೀಕ್ಷೆಗೆ ಒಳಪಡಿಸಿದ ದಾಖಲೆ ಬೇಕು. ಹೆಚ್ಚಿನ ಲೈಕಮಿಂಗ್ ಎಂಜಿನ್‌ಗಳಿಗೆ, ಕ್ರ್ಯಾಂಕ್‌ಶಾಫ್ಟ್ ಗೇರ್‌ನ ಬೋಲ್ಟ್ ಮತ್ತು ಡೋವೆಲ್ (ಹಿಡಿದಿಡುವ ಪಿನ್ನು) ಪರೀಕ್ಷಿಸಬೇಕೆಂಬ ಕಡ್ಡಾಯ ನಿರ್ದೇಶನ 1991ರಿಂದಲೇ ಇದೆ. 'ಪ್ರೊಪೆಲ್ಲರ್ ಬದಲಿಸಿದೆವು, ಆಮೇಲೆ ನೂರಾರು ಗಂಟೆ ಚೆನ್ನಾಗಿ ಹಾರಿದೆ' ಎಂಬುದು ಪುರಾವೆಯಲ್ಲ. ಕ್ರ್ಯಾಂಕಿನ ಬಿರುಕು ಬೆಳೆಯಲು ಅಷ್ಟು ಕಾಲವನ್ನೂ ತೆಗೆದುಕೊಳ್ಳಬಹುದು.

ಸ್ಥಳದಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಮ್ಯಾಗ್ನೆಟೋ (ಪ್ಲಗ್‌ಗಳಿಗೆ ಕಿಡಿ ಕೊಡುವ ಸಾಧನ) ಸ್ವಿಚ್ ಆಫ್ ಇದ್ದರೂ ಅದನ್ನು ನಂಬದೆ, ಕೈಯಿಂದ ತಿರುಗಿಸುವಾಗ ಎಂಜಿನ್ ಹೊತ್ತಿಕೊಳ್ಳದಂತೆ ಪ್ರತಿ ಸಿಲಿಂಡರಿನ ಒಂದೊಂದು ಸ್ಪಾರ್ಕ್ ಪ್ಲಗ್ ಬಿಚ್ಚಿಸಿ. ಮೊದಲನೆಯದು, ಕ್ರ್ಯಾಂಕಿನ ಫ್ಲಾಂಜ್‌ಗೆ ಡಯಲ್ ಗೇಜ್ ಹಿಡಿದು ತಿರುಗಿಸಿ ಓಲಾಟವನ್ನು ಕೈಪಿಡಿಯ ಮಿತಿಗೆ ಹೋಲಿಸುವುದು. ಎರಡನೆಯದು, ಅಲಗಿನ ತುದಿಯ ಬಳಿ ಮರದ ದಿಮ್ಮಿಯಿಟ್ಟು ಎರಡೂ ತುದಿಗಳು ಒಂದೇ ಪಥದಲ್ಲಿ ಸಾಗುತ್ತವೆಯೇ ನೋಡುವುದು. ಆರಡಿ ವ್ಯಾಸದವರೆಗಿನ ಲೋಹದ ಪ್ರೊಪೆಲ್ಲರಿನಲ್ಲಿ ವ್ಯತ್ಯಾಸ 1/16 ಇಂಚು, ಮರದ್ದರಲ್ಲಿ 1/8 ಇಂಚು ಮೀರಬಾರದು.

ಕಂಪ್ರೆಷನ್ ಪರೀಕ್ಷೆ ಬಿಸಿ ಎಂಜಿನ್‌ನಲ್ಲಿ ನಡೆಯಲಿ. ಗಾಳಿ ಎಲ್ಲಿಂದ ಸೋರುತ್ತಿದೆ ಎಂದು ಕಿವಿಗೊಡಿ: ಎಕ್ಸಾಸ್ಟ್‌ನಿಂದ ಬಂದರೆ ಆ ವಾಲ್ವ್, ಎಣ್ಣೆ ತುಂಬುವ ಬಾಯಿಯಿಂದ ಬಂದರೆ ಪಿಸ್ಟನ್ ರಿಂಗ್. ವರ್ಷಗಟ್ಟಲೆ ನಿಂತ ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿರುವುದರಿಂದ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿದಿರಬಹುದು. ಕಂಪ್ರೆಷನ್ ಚೆನ್ನಾಗಿದ್ದರೂ ಇದು ಗೊತ್ತಾಗುವುದಿಲ್ಲ.

ತೂಕದ ಲೆಕ್ಕ

ಪ್ರತಿ ರಿಪೇರಿಯೂ, ಪ್ರತಿ ಬಣ್ಣದ ಪದರವೂ ತೂಕ ಸೇರಿಸುತ್ತದೆ. ಕಬ್‌ನ ಗರಿಷ್ಠ ತೂಕ 1,220 ಪೌಂಡ್. ಖಾಲಿ ತೂಕ 790ಕ್ಕೆ ಏರಿದೆ ಎಂದುಕೊಳ್ಳಿ. ಉಳಿದ 430ರಲ್ಲಿ 12 ಗ್ಯಾಲನ್ ಇಂಧನಕ್ಕೆ 72 ಪೌಂಡ್, ಎಣ್ಣೆಗೆ ಸುಮಾರು 8 ಪೌಂಡ್ ಹೋದರೆ 350 ಸಿಗುತ್ತದೆ. ತಲಾ 175 ಪೌಂಡಿನ ಇಬ್ಬರು ಕೂತರೆ ಒಂದು ಚೀಲಕ್ಕೂ ಜಾಗವಿಲ್ಲ. ಕಾಗದದಲ್ಲಿ ಹಳೆಯ ಅಂಕಿಗೆ ಕೂಡಿ ಕಳೆದ ತೂಕವಿದ್ದರೆ ನಂಬಬೇಡಿ, ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿಸಿ.

ಕೊನೆಗೆ ಹಾರಾಟ

ರಚನೆಯ ತಪಾಸಣೆ ಮುಗಿದ ನಂತರವೇ ಪರೀಕ್ಷಾ ಹಾರಾಟ. ಆ ಮಾದರಿಯಲ್ಲಿ ಪಳಗಿದ ಪೈಲಟ್ ಜೊತೆಗಿರಲಿ. ಶಾಂತ ಗಾಳಿಯಲ್ಲಿ ಸಮ ಎತ್ತರದಲ್ಲಿ ಹಾರುತ್ತಾ ಸ್ಟಿಕ್‌ನಿಂದ ಕೈ ತೆಗೆದರೆ ಯಾವ ರೆಕ್ಕೆ ತಗ್ಗುತ್ತದೆ? ವಿಮಾನ ಓರೆಯಾಗಿ ಜಾರುವುದನ್ನು ತೋರಿಸುವ ಉಪಕರಣದ ಚೆಂಡು ನಡುವಿನಲ್ಲಿ ನಿಲ್ಲಲು ಒಂದೇ ಪೆಡಲನ್ನು ಸದಾ ಒತ್ತಬೇಕೇ? ಸಾಕಷ್ಟು ಎತ್ತರದಲ್ಲಿ ಎಂಜಿನ್ ತಗ್ಗಿಸಿ ಸ್ಟಾಲ್ ಮಾಡಿದಾಗ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವಂತೆ ಮಾಡಿದಾಗ) ಪ್ರತಿ ಸಲವೂ ಒಂದೇ ರೆಕ್ಕೆ ಬೀಳುತ್ತದೆಯೇ? ಉತ್ತರಗಳನ್ನು ಟೇಪಿನ ಅಳತೆಗಳ ಪಕ್ಕ ಬರೆದುಕೊಳ್ಳಿ. ಇಳಿದ ಮೇಲೆ ಕೌಲಿಂಗ್ (ಎಂಜಿನ್ ಮುಚ್ಚಳ) ತೆಗೆಸಿ ಹೊಸದಾಗಿ ಎಣ್ಣೆ ಜಿನುಗಿದೆಯೇ ನೋಡಿ. ಹಾರುವ ಮುನ್ನ ಒರೆಸಿಟ್ಟ ರಿವೆಟ್ ಸಾಲುಗಳಲ್ಲಿ ಮಸಿ ಮತ್ತೆ ಮೂಡಿದ್ದರೆ, ಅವನ್ನು ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆದೇ ಮಾತು ಮುಂದುವರಿಸಿ.