ನೈಲ್ ಗನ್ ಕೊಳ್ಳುವ ಮುಂಚೆ ಮೊಳೆ ಆರಿಸಿ

ತುಮಕೂರಿನ ಸುತ್ತಮುತ್ತ ಈಗ ಮನೆ ಅಂದರೆ ಇಟ್ಟಿಗೆ, ಸಿಮೆಂಟು, ಆರ್‌ಸಿಸಿ. ಹಾಗಂತ ಮರದ ಕೆಲಸ ನಿಂತಿಲ್ಲ. ತೋಟದ ಮನೆಗೆ ಹೆಂಚಿನ ಸೂರು ಬೇಕು. ಬಾಗಿಲ ಮುಂದೆ ಇಳಿಜಾರು ಸೂರು ಬೇಕು. ನೆಲದಿಂದ ಎತ್ತರಕ್ಕೆ ಮರದ ಪಟ್ಟಿ ಹಾಸಿ ಕಟ್ಟುವ ಕುರಿ ಶೆಡ್ಡು ಈಗ ಊರೂರಲ್ಲೂ ಕಾಣುತ್ತದೆ. ಅಂಥ ಒಂದು ಶೆಡ್ಡಿನ ಲೆಕ್ಕ ಹಾಕಿ ನೋಡಿ. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ನೆಲ. ಮೂರು ಇಂಚು ಅಗಲದ ಪಟ್ಟಿಗಳನ್ನು ಸಂದು ಬಿಟ್ಟು ಅಡ್ಡಕ್ಕೆ ಹಾಸಿದರೆ ಸುಮಾರು 65 ಪಟ್ಟಿ ಬೇಕು. ಕೆಳಗೆ ಎರಡಡಿಗೊಂದರಂತೆ ಆರು ತೊಲೆ. ಪ್ರತಿ ಜಾಗದಲ್ಲಿ ಎರಡೆರಡು ಮೊಳೆ ಅಂದರೂ 780 ಮೊಳೆ ಆಯಿತು. ಇಷ್ಟನ್ನೂ ಸುತ್ತಿಗೆಯಲ್ಲಿ ಹೊಡೆದರೆ ಬಡಗಿಯ ತೋಳು ಬಿದ್ದುಹೋಗುತ್ತದೆ. ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ನೈಲ್ ಗನ್ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆ.

ಗನ್ ಕೊಳ್ಳುವವರು ಮೊದಲು ಕೇಳುವುದು ಯಾವ ಕಂಪನಿ ಒಳ್ಳೆಯದು ಅಂತ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಯಾವ ಮೊಳೆ ಅಂತ. ಗನ್ ಒಂದು ಸಲ ಕೊಳ್ಳುತ್ತೀರಿ, ಮೊಳೆ ಪ್ರತಿ ಕೆಲಸಕ್ಕೂ ಬೇಕು. ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವ ಬಿಡಿ ಮೊಳೆ ಈ ಗನ್ನಿಗೆ ಆಗುವುದಿಲ್ಲ.

ಮೊದಲು ಕೆಲಸ ಯಾವುದೆಂದು ನೋಡಿ

ಮೋಲ್ಡ್ ಹಾಕುವ ಸೆಂಟ್ರಿಂಗ್ ಕೆಲಸಕ್ಕೇ ಗನ್ ಬೇಕು ಅಂತಿದ್ದರೆ ಒಂದು ನಿಮಿಷ ಯೋಚಿಸಿ. ಸೆಂಟ್ರಿಂಗ್ ಮೊಳೆಯನ್ನು ಆಮೇಲೆ ಕೀಳಬೇಕು. ಗನ್ ಹೊಡೆದ ಮೊಳೆಯ ತಲೆ ಮರದೊಳಗೆ ಕೂತುಬಿಡುತ್ತದೆ. ಅದನ್ನು ಕೀಳಲು ಹೋದರೆ ಹಲಗೆಯೇ ಹಾಳಾಗುತ್ತದೆ. ಅಲ್ಲಿ ಸುತ್ತಿಗೆಯೇ ಸರಿ.

ಬಾಗಿಲ ಚೌಕಟ್ಟನ್ನು ಗೋಡೆಗೆ ಹೊಡೆಯಲೂ ಇದು ಬೇಡ. ಕಾಂಕ್ರೀಟಿಗೆ ಬೇರೆ ಗನ್, ಬೇರೆ ಗಟ್ಟಿ ಮೊಳೆ ಇದೆ. ವಾರ್ಡ್‌ರೋಬ್, ಪ್ಲೈವುಡ್ ಕೆಲಸದವರ ಕೈಯಲ್ಲಿ ಕಾಣುವ ಎಫ್-30 ಅನ್ನುವ ಚಿಕ್ಕ ಗನ್ನು 30 ಮಿಲಿಮೀಟರ್‌ವರೆಗಿನ ಸಣ್ಣ ಪಿನ್ನು ಹೊಡೆಯುತ್ತದೆ, ಅಷ್ಟೇ. ನೈಲ್ ಗನ್ ಕೊಡಿ ಎಂದಷ್ಟೇ ಕೇಳಿದರೆ ಅದನ್ನೇ ಕೊಟ್ಟುಬಿಡಬಹುದು. ಮರಕ್ಕೆ ಮರ ಕೂಡಿಸಿ ಚೌಕಟ್ಟು ಕಟ್ಟುವ ಫ್ರೇಮಿಂಗ್ ಗನ್ನಿಗೆ ಎರಡರಿಂದ ಮೂರೂವರೆ ಇಂಚಿನ, ಅಂದರೆ 50ರಿಂದ 90 ಮಿಲಿಮೀಟರ್ ಮೊಳೆ ಬೇಕು.

ಮೊಳೆಯ ಉದ್ದ, ಮೈ, ಲೇಪ

ಮೇಲೆ ಕೂರುವ ಪಟ್ಟಿ ಎಷ್ಟು ದಪ್ಪವೋ ಅದರ ಎರಡೂವರೆಯಿಂದ ಮೂರು ಪಟ್ಟು ಉದ್ದದ ಮೊಳೆ ಇರಲಿ. ಹೆಂಚಿನ ಕೆಳಗೆ ಹೊಡೆಯುವ ರೀಪರ್ ಪಟ್ಟಿ ಒಂದು ಇಂಚು ದಪ್ಪ ಇದ್ದರೆ ಎರಡೂವರೆಯಿಂದ ಮೂರು ಇಂಚಿನ ಮೊಳೆ. ಹಿಡಿತ ಇರುವುದು ಕೆಳಗಿನ ಮರಕ್ಕೆ ಇಳಿದ ಭಾಗದಲ್ಲಿ.

ಮೊಳೆಯ ಮೈ ಕೂಡ ನೋಡಿ. ನುಣುಪು ಮೊಳೆ ಸಲೀಸಾಗಿ ಇಳಿಯುತ್ತದೆ, ಅಷ್ಟೇ ಸಲೀಸಾಗಿ ಸಡಿಲವೂ ಆಗುತ್ತದೆ. ಮೈಮೇಲೆ ಉಂಗುರ ಇರುವ ರಿಂಗ್ ಮೊಳೆ ಮರವನ್ನು ಕಚ್ಚಿ ಹಿಡಿಯುತ್ತದೆ. ಕುರಿಗಳು ದಿನವೂ ತುಳಿದು ಅಲುಗಾಡಿಸುವ ನೆಲಕ್ಕೆ ರಿಂಗ್ ಮೊಳೆಯೇ ಬೇಕು. ಅಲ್ಲಿ ಮೂತ್ರ, ತೇವ ಬಿಡದೆ ಇರುತ್ತದೆ. ಹಾಗಾಗಿ ಸತು ಲೇಪದ ಜಿಐ ಮೊಳೆ ಕೇಳಿ. ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಮಳೆಗೆ ನೆನೆಯುವ ಇಳಿಜಾರಿಗೂ ಇದೇ ಮಾತು.

ನಮ್ಮ ಮರದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಮೆರಿಕದಲ್ಲಿ ಈ ಗನ್ನುಗಳನ್ನು ಬಳಸುವುದು ಹೆಚ್ಚಾಗಿ ಪೈನ್ ಥರದ ಮೆತ್ತನೆ ಮರಕ್ಕೆ. ನಮ್ಮಲ್ಲಿ ಸಿಗುವುದು ನೀಲಗಿರಿ, ಬಲಿತ ತೆಂಗು, ಹೊನ್ನೆ, ಮತ್ತಿ. ಒಣಗಿದ ನೀಲಗಿರಿಯ ತುದಿಗೆ ಮೊಳೆ ಹೊಡೆದರೆ ಸೀಳಿಬಿಡುತ್ತದೆ. ತುದಿಯಿಂದ ಎರಡು ಇಂಚಾದರೂ ಒಳಗೆ ಬನ್ನಿ. ಹಸಿ ನೀಲಗಿರಿಗೆ ಹೊಡೆದರೆ ಮರ ಒಣಗಿ ಕುಗ್ಗಿದ ಮೇಲೆ ಮೊಳೆ ಸಡಿಲವಾಗುತ್ತದೆ. ಸಿಲ್ವರ್ ಓಕ್ ಮೆತ್ತಗಿರುವುದರಿಂದ ಗನ್ನಿಗೆ ಹೇಳಿ ಮಾಡಿಸಿದ ಮರ.

ಸ್ಟ್ರಿಪ್ಪೋ ಕಾಯಿಲೋ?

ಗನ್ನಿನ ಮೊಳೆಗಳು ಎರಡು ಥರ ಜೋಡಿಸಿ ಬರುತ್ತವೆ. ನೇರ ಸಾಲಾಗಿ ಅಂಟಿಸಿದ್ದು ಸ್ಟ್ರಿಪ್. ತಂತಿಯಲ್ಲಿ ಪೋಣಿಸಿ ಸುರುಳಿ ಸುತ್ತಿದ್ದು ಕಾಯಿಲ್.

ಸ್ಟ್ರಿಪ್‌ನಲ್ಲಿ ಮೊಳೆಗಳು ಎಷ್ಟು ಓರೆಯಾಗಿ ನಿಂತಿವೆ ಅನ್ನುವ ಲೆಕ್ಕ ಇದೆ. 21 ಡಿಗ್ರಿಯದು ಪ್ಲಾಸ್ಟಿಕ್ ಪಟ್ಟಿಯಲ್ಲಿ, 28ರದು ತಂತಿಯಲ್ಲಿ, 30ರಿಂದ 34 ಡಿಗ್ರಿಯದು ಹೆಚ್ಚಾಗಿ ಕಾಗದದ ಪಟ್ಟಿಯಲ್ಲಿ ಬರುತ್ತವೆ. ಒಂದರ ಮೊಳೆ ಇನ್ನೊಂದಕ್ಕೆ ಕೂರುವುದಿಲ್ಲ. ಕಾಗದದ ಪಟ್ಟಿ ತೇವಕ್ಕೆ ಮೆತ್ತಗಾಗಿ ಗನ್ನಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಟ್ರಿಪ್ ಗನ್ ಹಗುರ, ಎರಡು ಜಂತೆಗಳ ನಡುವೆ ಸಲೀಸಾಗಿ ತೂರಿಸಬಹುದು. ಕಾಯಿಲ್ ಗನ್ನಿಗೆ ದುಂಡನೆ ಡಬ್ಬ ಇರುತ್ತದೆ, ತೂಕವೂ ಜಾಸ್ತಿ. ಆದರೆ ಒಂದು ಸಲ ತುಂಬಿದರೆ ಇನ್ನೂರು, ಮುನ್ನೂರು ಮೊಳೆ ಹೊಡೆಯುತ್ತದೆ.

ನಮ್ಮ ಕಡೆಯವರಿಗೆ ನಾನು ಹೇಳುವುದು ಕಾಯಿಲ್ ಗನ್ನನ್ನೇ. ಕಾರಣ ಸರಳ. ಕಾರ್ಖಾನೆಗಳಿಗೆ ಸರಕು ಇಡುವ ಮರದ ಪ್ಯಾಲೆಟ್, ಪ್ಯಾಕಿಂಗ್ ಪೆಟ್ಟಿಗೆ ಮಾಡುವವರು ಬಳಸುವುದು ಇದನ್ನೇ. ತುಮಕೂರಿಗೆ ವಸಂತನರಸಾಪುರ, ಕೋಲಾರಕ್ಕೆ ನರಸಾಪುರ ಕೈಗಾರಿಕಾ ಪ್ರದೇಶ ಇವೆಯಲ್ವಾ, ಆ ಕಡೆಯ ಪ್ಯಾಲೆಟ್ ಮಾಡುವವರನ್ನು ಕೇಳಿದರೆ ಮೊಳೆ ಎಲ್ಲಿ ಸಿಗುತ್ತದೆ, ರಿಪೇರಿ ಯಾರು ಮಾಡುತ್ತಾರೆ ಎರಡೂ ಗೊತ್ತಾಗುತ್ತದೆ. ಇಲ್ಲದಿದ್ದರೆ ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳು ಇದ್ದೇ ಇವೆ. ಕಾಯಿಲ್ ಗನ್ನಿನ ಹೆಸರಲ್ಲೇ ಅಳತೆ ಇರುತ್ತದೆ. ಸಿಎನ್-55 ಅಂದರೆ ಸುಮಾರು 55 ಮಿಲಿಮೀಟರ್‌ವರೆಗೆ, ಸಿಎನ್-70 ಅಂದರೆ 70ರವರೆಗೆ, ಸಿಎನ್-80 ಅಂದರೆ 80ರ ಆಸುಪಾಸಿನವರೆಗೆ. ರೀಪರ್, ಶೆಡ್ಡಿನ ನೆಲ, ಬೇಲಿ ಗೇಟು ಇಂಥ ಕೆಲಸಕ್ಕೆ ಸಿಎನ್-70 ಸಾಕು.

ಪ್ಯಾಲೆಟ್ಟಿನ ಮೊಳೆ ತೆಳ್ಳಗಿರುತ್ತದೆ ಅನ್ನುವುದು ಮಾತ್ರ ನೆನಪಿರಲಿ. ತೊಲೆ ಗೋಡೆಗೆ ಕೂರುವ ಜಾಗ, ಜಂತೆ ತೊಲೆಗೆ ಸೇರುವ ಜಾಗ, ಇವನ್ನು ಆ ಮೊಳೆಗೇ ಬಿಡಬೇಡಿ. ಮುಂಗಾರಿಗೆ ಮುಂಚಿನ ಬಿರುಗಾಳಿ ಸೂರನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ಅಲ್ಲಿ ಬೋಲ್ಟು, ಕಬ್ಬಿಣದ ಪಟ್ಟಿ ಹಾಕಿಸಿ.

ಕಂಪ್ರೆಸರ್

ಗನ್ನಿಗೆ ಗಾಳಿ ಒತ್ತಿ ಕೊಡುವ ಯಂತ್ರ ಇದು. ಈ ಗನ್ನುಗಳಿಗೆ 70ರಿಂದ 120 ಪಿಎಸ್‌ಐ ಒತ್ತಡ ಬೇಕು. ಸಾಮಾನ್ಯವಾಗಿ 90-100ರಲ್ಲಿ ಕೆಲಸ ನಡೆಯುತ್ತದೆ. ಟೈರಿಗೆ ಗಾಳಿ ಹಾಕುವ ಪುಟ್ಟ ಪಂಪು ಸಾಲದು. ಎರಡು ಎಚ್‌ಪಿ ಮೋಟಾರು, 50 ಲೀಟರ್ ಟ್ಯಾಂಕು ಇದ್ದರೆ ಒಬ್ಬರ ಕೆಲಸಕ್ಕೆ ನೆಮ್ಮದಿ. ಹೋಸ್ ಪೈಪಿನ ಒಳಗಿನ ಅಳತೆ ಕಾಲಿಂಚಿನ ಬದಲು ಎಂಟನೇ ಮೂರು (3/8) ಇಂಚು, ಅಂದರೆ ಸುಮಾರು ಒಂಬತ್ತೂವರೆ ಮಿಲಿಮೀಟರ್ ಇರಲಿ.

ತೋಟದ ಕಡೆ ವೋಲ್ಟೇಜ್ ಇಳಿದಾಗ ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಹಾಗೇ ಬಿಟ್ಟರೆ ಸುಟ್ಟುಹೋಗುತ್ತದೆ. ಉದ್ದನೆಯ ವೈರು ಎಳೆದರೆ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಕಂಪ್ರೆಸರನ್ನು ಮೀಟರ್ ಬೋರ್ಡಿನ ಹತ್ತಿರವೇ ಇಟ್ಟು ಗಾಳಿಯ ಪೈಪನ್ನು ಉದ್ದ ಮಾಡಿ. ಒಂದೇ ಶೆಡ್ಡಿನ ಕೆಲಸ ಅಂತಾದರೆ ಕಂಪ್ರೆಸರನ್ನು ಬಾಡಿಗೆಗೆ ತರುವುದೇ ಲೇಸು.

ಆಕ್ಸಿಜನ್ ಸಿಲಿಂಡರಿಗೆ ಗನ್ ಜೋಡಿಸುವ ಯೋಚನೆಯನ್ನೇ ಮಾಡಬೇಡಿ. ಗನ್ ಸಿಡಿಯುತ್ತದೆ. ಸಾವೇ ಆಗಬಹುದು.

ಟ್ರಿಗರ್‌ನಲ್ಲಿ ರಾಜಿ ಬೇಡ

ಗನ್ನಿನ ಮೂತಿಯನ್ನು ಮರಕ್ಕೆ ಒತ್ತದೆ ಮೊಳೆ ಹೊರಡುವುದಿಲ್ಲ. ವ್ಯತ್ಯಾಸ ಇರುವುದು ಆಮೇಲೆ. ಒಂದು ಥರದಲ್ಲಿ ಟ್ರಿಗರ್ ಹಿಡಿದೇ ಇದ್ದು ಮೂತಿ ತಾಗಿಸಿದಷ್ಟು ಸಲವೂ ಮೊಳೆ ಹಾರುತ್ತದೆ. ಇನ್ನೊಂದರಲ್ಲಿ ಮೊದಲು ಮೂತಿ ಒತ್ತಬೇಕು, ಆಮೇಲೆ ಟ್ರಿಗರ್ ಎಳೆಯಬೇಕು. ಪ್ರತಿ ಮೊಳೆಗೂ ಎರಡನ್ನೂ ಬಿಟ್ಟು ಮತ್ತೆ ಶುರು ಮಾಡಬೇಕು. ಇದಕ್ಕೆ ಸೀಕ್ವೆನ್ಷಿಯಲ್ ಟ್ರಿಗರ್ ಅನ್ನುತ್ತಾರೆ. ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಓಶಾ ಮತ್ತು ನಿಯೋಶ್ ಸಂಸ್ಥೆಗಳು 2011ರಲ್ಲಿ ಹೊರತಂದ ನೈಲ್ ಗನ್ ಕೈಪಿಡಿ ಹೇಳುವಂತೆ, ತಾಗಿಸಿದರೆ ಹಾರುವ ಗನ್ನಿನಲ್ಲಿ ಗಾಯದ ಅಪಾಯ ಸುಮಾರು ದುಪ್ಪಟ್ಟು. ಏಣಿ ಮೇಲೆ ನಿಂತವರ ತೊಡೆಗೆ ಆ ಮೂತಿ ತಗುಲಿದರೆ ಏನಾಗುತ್ತದೆ ಅಂತ ಊಹಿಸಿ. ವೇಗ ಸ್ವಲ್ಪ ಕಡಿಮೆಯಾದರೂ ಸೀಕ್ವೆನ್ಷಿಯಲ್ ಟ್ರಿಗರ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಬೇಕೇ ಬೇಕು. ಮೊಳೆ ಸಿಕ್ಕಿಕೊಂಡರೆ ಮೊದಲು ಗಾಳಿಯ ಪೈಪು ಕಳಚಿ, ಆಮೇಲೆ ಕೈ ಹಾಕಿ.

ಅಂಗಡಿಯಲ್ಲಿ

ನೀವು ಹೊಡೆಯಬೇಕಾದ ಮರದ ಎರಡು ತುಂಡು ಜೊತೆಗೆ ಒಯ್ಯಿರಿ. "ಅಣ್ಣಾ, ಇದಕ್ಕೆ ಹೊಡೆದು ತೋರಿಸಿ" ಅಂತ ಕೇಳಿ. ತಲೆ ಮರದ ಮಟ್ಟಕ್ಕೆ ಕೂತಿತಾ, ಮೇಲೆ ನಿಂತಿತಾ, ಒಳಗೆ ಹೂತಿತಾ ನೋಡಿ. ಆಳ ಹೆಚ್ಚು ಕಡಿಮೆ ಮಾಡುವ ತಿರುಪು ಇರಲೇಬೇಕು. ಗನ್ನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ನೋಡಿ. ಮೂರೂವರೆ, ನಾಲ್ಕು ಕೆಜಿ ತೂಕ ಅಂಗಡಿಯಲ್ಲಿ ಹಗುರ ಅನ್ನಿಸುತ್ತದೆ, ಸೂರಿನ ಕೆಳಗೆ ಸಂಜೆ ಹೊತ್ತಿಗೆ ಹಾಗಿರುವುದಿಲ್ಲ.

ಒಳಗಿನ ರಬ್ಬರ್ ಓ-ರಿಂಗ್‌ಗಳು, ಮೊಳೆಯನ್ನು ತಳ್ಳುವ ಬ್ಲೇಡು ಸವೆಯುವ ಭಾಗಗಳು. ಅವು ಬಿಡಿಯಾಗಿ ಸಿಗುವುದಿಲ್ಲ ಅಂದರೆ ಆ ಗನ್ ಬೇಡ. ದಿನಾ ಕೆಲಸ ಶುರು ಮಾಡುವ ಮುಂಚೆ ಗಾಳಿ ಸೇರುವ ಬಾಯಿಗೆ ನಾಲ್ಕೈದು ಹನಿ ನೈಲ್ ಗನ್ ಎಣ್ಣೆ ಬಿಡಬೇಕು. ಗಾಡಿಯ ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಕೆಡುತ್ತದೆ. ಓ-ರಿಂಗ್ ಕಿಟ್ಟು, ಒಂದು ಸೀಸೆ ಎಣ್ಣೆ, ಈ ಕೆಲಸಕ್ಕೆ ಬೇಕಾದಷ್ಟು ಮೊಳೆ, ಮೂರನ್ನೂ ಗನ್ನಿನ ಬಿಲ್ಲಿನಲ್ಲೇ ಸೇರಿಸಿಕೊಂಡು ಬನ್ನಿ.