ಮಾರಿಷಸ್ ಪರಿಚಯ ಮಾಡಿಕೊಳ್ಳುವುದು ಹೇಗೆ?

ಮಾರಿಷಸ್ ಎಂದೊಡನೆ ನೀಲಿ ಕಡಲು, ಬಿಳಿ ಮರಳು, ಹೊಸದಾಗಿ ಮದುವೆಯಾದ ಜೋಡಿ ಕಣ್ಣಿಗೆ ಕಟ್ಟುತ್ತದೆ. ಕಡಲತೀರ ಎಲ್ಲಿಗೂ ಓಡಿಹೋಗುವುದಿಲ್ಲ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಕೊಡಗು ಜಿಲ್ಲೆಯ ಅರ್ಧದಷ್ಟೂ ಇಲ್ಲದ ಈ ದ್ವೀಪಕ್ಕೆ ಮೂಲನಿವಾಸಿಗಳೇ ಇಲ್ಲ. ಇಂದಿನ ಸುಮಾರು 12.5 ಲಕ್ಷ ಜನರ ಹಿರಿಯರೆಲ್ಲ ಹೊರಗಿನಿಂದ ಬಂದವರು. ಹಾಗಾಗಿ ಯಾರು, ಯಾವ ಕಾಲದಲ್ಲಿ, ಯಾವ ಸ್ಥಿತಿಯಲ್ಲಿ ಬಂದಿಳಿದರು ಎಂದು ಕೇಳುತ್ತಾ ಹೋಗಿ.

ಮೊದಲು ಕೈಗೆ ಬಂದ ನೋಟನ್ನು ಓದಿ. ಇಂಗ್ಲಿಷ್, ಆಮೇಲೆ ತಮಿಳು, ಆಮೇಲೆ ಹಿಂದಿ. ಈ ಸಾಲಿನ ಹಿಂದೆ ಒಂದು ಜಗಳವೇ ಇದೆ. 1998ರಲ್ಲಿ ಹೊರಬಂದ ಹೊಸ ನೋಟುಗಳಲ್ಲಿ ಹಿಂದಿ ಮೇಲೇರಿ ತಮಿಳು ಕೆಳಗಿಳಿಯಿತು. ತಮಿಳರು ಸಿಡಿದೆದ್ದರು, ಅಲ್ಲಿನ ಕೇಂದ್ರ ಬ್ಯಾಂಕು ಆ ನೋಟುಗಳನ್ನು ಹಿಂಪಡೆದು ಹಳೆಯ ಸಾಲಿನಲ್ಲೇ ಮತ್ತೆ ಮುದ್ರಿಸಿತು. ಫ್ರೆಂಚರ ಆಳ್ವಿಕೆಯಲ್ಲೇ ಪುದುಚೇರಿ ಕಡೆಯಿಂದ ಕುಶಲಕರ್ಮಿಗಳಾಗಿ ಬಂದು ರಾಜಧಾನಿ ಪೋರ್ಟ್ ಲೂಯಿಯನ್ನು ಕಟ್ಟಲು ದುಡಿದವರ ಪೈಕಿ ತಮಿಳರೂ ಇದ್ದರೆಂಬುದು ನೆನಪಿದ್ದರೆ ಆ ಸಿಟ್ಟು ಅರ್ಥವಾಗುತ್ತದೆ.

ಎರಡನೆಯದಾಗಿ, ಪೋರ್ಟ್ ಲೂಯಿ ಬಂದರಿನ ಬಳಿ, ವಲಸೆ ಕೂಲಿಗಳನ್ನು ಇಳಿಸಿಕೊಳ್ಳುತ್ತಿದ್ದ ಆಪ್ರವಾಸಿ ಘಾಟ್‌ಗೆ ಹೋಗಿ. ಇಲ್ಲಿ ಅವಸರ ಬೇಡ. ಕಪ್ಪು ಕಲ್ಲಿನ 16 ಮೆಟ್ಟಿಲುಗಳಿವೆ, ಒಂದೊಂದನ್ನೇ ಎಣಿಸಿ ಹತ್ತಿ. 1835ರ ಫೆಬ್ರುವರಿ 1ರಂದು ಗುಲಾಮಗಿರಿ ಕೊನೆಗೊಂಡಿತು. ಆಫ್ರಿಕಾ, ಮಡಗಾಸ್ಕರ್‌ಗಳಿಂದ ತಂದ ಗುಲಾಮರು ಕೈತಪ್ಪುತ್ತಾರೆ ಎಂದಾದಾಗ ಕಬ್ಬಿನ ತೋಟದ ಮಾಲೀಕರು ಭಾರತದತ್ತ ತಿರುಗಿದ್ದರು. ಕೋಲ್ಕತ್ತದಿಂದ ಹೊರಟ ‘ಅಟ್ಲಾಸ್’ ಹಡಗು 1834ರ ನವೆಂಬರ್ 2ರಂದೇ 36 ಮಂದಿಯನ್ನು ಪೋರ್ಟ್ ಲೂಯಿಯಲ್ಲಿ ಇಳಿಸಿತ್ತು. ಆಮೇಲಿನ ದಶಕಗಳಲ್ಲಿ ಸುಮಾರು ನಾಲ್ಕೂವರೆ ಲಕ್ಷ ಜನ ಕರಾರು ಪತ್ರಕ್ಕೆ ಹೆಬ್ಬೆಟ್ಟೊತ್ತಿ ಬಂದರು. ಯುನೆಸ್ಕೊ 2006ರಲ್ಲಿ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಅಷ್ಟು ಹೊತ್ತಿಗೆ ಆವರಣದ ಒಂದಿಷ್ಟು ಭಾಗವನ್ನು ಹೆದ್ದಾರಿ ನುಂಗಿಯಾಗಿತ್ತು.

ಮೂರನೆಯ ಹೆಜ್ಜೆ ಕಿವಿಯದು. ಸಂಸತ್ತಿನ ಭಾಷೆ ಇಂಗ್ಲಿಷ್, ಪತ್ರಿಕೆ ಹೆಚ್ಚಾಗಿ ಫ್ರೆಂಚ್, ಮನೆಯಲ್ಲಿ ಜಗಳವಾಡುವುದು ಫ್ರೆಂಚ್ ಮೂಲದ ಆಡುಮಾತು ಕ್ರಿಯೋಲ್‌ನಲ್ಲಿ. ‘ಕಿ ಮನ್ಯೇರ್?’ ಎಂದರೆ ‘ಹೇಗಿದ್ದೀರಿ?’ ಇಷ್ಟು ಕಲಿತರೂ ಎದುರಿನವರ ಮುಖ ಅರಳುತ್ತದೆ. ಗುಲಾಮರ ಪೀಳಿಗೆಯವರ ಸೆಗಾ ಹಾಡು ಕೇಳುವ ಅವಕಾಶ ಸಿಕ್ಕರೆ, ಮೇಕೆಯ ಚರ್ಮದ ರವಾನ್ ತಮಟೆಯನ್ನು ಬೆಂಕಿಗೆ ಹಿಡಿದು ಬಿಗಿ ಮಾಡುವುದನ್ನು ನೋಡಿ. ನಮ್ಮ ಹಲಗೆಯವರಿಗೆ ಅದರಲ್ಲಿ ಹೊಸತೇನೂ ಕಾಣಿಸದು.

ಹೋಗುವ ಮುನ್ನ ರಜಾ ಪಟ್ಟಿ ನೋಡಿಕೊಳ್ಳಿ. ಚೀನೀ ಹೊಸ ವರ್ಷ, ಕಾವಡಿ, ಈದ್, ಕ್ರಿಸ್‌ಮಸ್ ಎಲ್ಲಕ್ಕೂ ಸರ್ಕಾರಿ ರಜೆ. ತೆಲುಗರಿಂದಾಗಿ ಯುಗಾದಿಗೂ ಉಂಟು. ಶಿವರಾತ್ರಿಗೆ ಲಕ್ಷಾಂತರ ಜನ ಗಂಗಾ ತಲಾವ್ ಕೆರೆಗೆ ಹೋಗುತ್ತಾರೆ, ಬಹಳಷ್ಟು ಮಂದಿ ಕಾಲ್ನಡಿಗೆಯಲ್ಲಿ. ಜನವರಿಯಿಂದ ಮಾರ್ಚ್‌ವರೆಗೆ ಚಂಡಮಾರುತದ ಭಯ. ನಮಗೆ ಮಳೆಗಾಲವಾದ ಜುಲೈ ಅವರಿಗೆ ಹಿತವಾದ ಚಳಿಗಾಲ.

ಇನ್ನು ಹೊಟ್ಟೆಯ ಪಾಡು. ರಸ್ತೆ ಬದಿಯ ಗಾಜಿನ ಪೆಟ್ಟಿಗೆಯ ಮುಂದೆ ಸಾಲು ಕಂಡರೆ ಅದು ಧೋಲ್ ಪುರಿ, ಸಾಲಿನಲ್ಲಿ ನಿಲ್ಲಿ. ಬೇಯಿಸಿದ ಬೇಳೆಯನ್ನು ಉದುರಾಗಿ ಪುಡಿ ಮಾಡಿ, ಅರಿಸಿನ ಸೇರಿಸಿ, ಮೈದಾದ ಕಣಕದೊಳಗೆ ತುಂಬಿ, ತೆಳ್ಳಗೆ ಲಟ್ಟಿಸಿ ಕಾವಲಿಯ ಮೇಲೆ ಬೇಯಿಸುತ್ತಾರೆ. ಬೆಲ್ಲ ಮರೆತ ಹೋಳಿಗೆ ಎನ್ನಿ. ಬಿಹಾರದ ಕೂಲಿಗಳ ನೆನಪಿನ ಈ ತಿಂಡಿಗೆ ಫ್ರೆಂಚ್ ಹೆಸರಿನ ಟೊಮೆಟೊ ಗೊಜ್ಜು ‘ರುಗಾಯ್’ ಮತ್ತು ಅವರೆಯಂಥ ದಪ್ಪ ಕಾಳಿನ ಸಾರು ಹಚ್ಚಿ, ಸುತ್ತಿ, ಕಾಗದದಲ್ಲಿ ಕೊಡುತ್ತಾರೆ. ಬಿಡಿಯಾಗಿ ಕೇಳಬೇಡಿ, ಅದು ಜೋಡಿ ಲೆಕ್ಕದಲ್ಲೇ ಸಿಗುವುದು: ‘ಎನ್ ಪೇರ್’. ಖಾರ ಹಾಕಲೇ ಎಂದು ಮಾರುವವರು ಕೇಳಿದರೆ ಗುಂಟೂರು ಮೆಣಸಿನಕಾಯಿ ತಿಂದ ಗರ್ವದಿಂದ ತಲೆಯಾಡಿಸಬೇಡಿ. ಮೊದಲು ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ.